ನಾಲ್ಕು ಸಾಲಿಗೆ ಆರು ಎರರ್

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿದವನು. ವಿಡಿಯೊ ನೋಡಿ, ಸಿಕ್ಕಿದ್ದನ್ನೆಲ್ಲ ಓದಿ ಪೈಥಾನ್ ಕಲಿತೆ. ಈಗ ಅದರಿಂದಲೇ ಹೊಟ್ಟೆಪಾಡು. ರಸ್ಟ್ ಕಲಿಯೋಣ ಎಂದು ಕೂತರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಆರು ಎರರ್. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದದವರಿಗೆ ಈ ಭಾಷೆ ಹತ್ತುವುದಿಲ್ಲವೇ?

ಉತ್ತರ: ಹತ್ತುತ್ತದೆ. ಓದಿದವರಿಗೂ ಮೊದಮೊದಲು ರಸ್ಟ್ ಹೀಗೇ ಕಾಟ ಕೊಡುತ್ತದೆ. ಇಷ್ಟು ದಿನ ಪೈಥಾನ್ ನಿಮಗೆ ಹೇಳದೆ ತಾನೇ ಮಾಡಿ ಮುಗಿಸುತ್ತಿದ್ದ ಕೆಲವು ಕೆಲಸಗಳು ಈಗ ನಿಮ್ಮ ತಲೆಗೆ ಬಂದಿವೆ, ಅಷ್ಟೆ.

ಪೈಥಾನ್‌ನಲ್ಲಿ ‘ಅಂಕಗಳು’ ಎಂಬ ಲಿಸ್ಟ್ ಇದೆ ಎನ್ನಿ. ‘ಪ್ರತಿ’ ಎಂಬ ಹೊಸ ಹೆಸರಿಗೆ ಅದನ್ನೇ ಕೊಟ್ಟು, ಪ್ರತಿಗೆ ಒಂದು ಸಂಖ್ಯೆ ಸೇರಿಸಿ ನೋಡಿ. ಅಂಕಗಳು ಕೂಡ ಬದಲಾಗಿರುತ್ತದೆ, ಏಕೆಂದರೆ ಎರಡೂ ಹೆಸರು ಅಂಟಿರುವುದು ಒಂದೇ ಲಿಸ್ಟಿಗೆ. ಆ ಲಿಸ್ಟನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕವನ್ನು ಪೈಥಾನ್ ಇಡುತ್ತದೆ. ಲೆಕ್ಕ ಸೊನ್ನೆಯಾದಾಗ ಮೆಮೊರಿ ಬಿಡುಗಡೆ. ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಇದೇ ಸಾಲನ್ನು ರಸ್ಟ್‌ನಲ್ಲಿ ಬರೆದರೆ ಲಿಸ್ಟಿನ ಒಡೆತನ ‘ಪ್ರತಿ’ಗೆ ಹೋಗಿಬಿಡುತ್ತದೆ. ಆಮೇಲೆ ‘ಅಂಕಗಳು’ ಎಂದು ಬರೆಯುವುದು, ಕ್ರಯ ಮಾಡಿಕೊಟ್ಟ ಜಮೀನಿನ ಹಳೇ ಪಹಣಿ ಹಿಡಿದು ಬ್ಯಾಂಕಿಗೆ ಸಾಲ ಕೇಳಲು ಹೋದ ಹಾಗೆ. ಕಂಪೈಲರ್ ಅಲ್ಲೇ ತಡೆಯುತ್ತದೆ. ಒಡೆತನ ಬಿಡದೆ ಎರವಲು ಕೊಡಬಹುದು, ಅದಕ್ಕೂ ಕಟ್ಟಳೆ ಇದೆ: ಓದುವುದಕ್ಕಾದರೆ ಎಷ್ಟು ಜನಕ್ಕಾದರೂ ಸರಿ, ತಿದ್ದುವುದಕ್ಕಾದರೆ ಒಬ್ಬರಿಗೆ ಮಾತ್ರ, ಅವರು ತಿದ್ದುತ್ತಿರುವಾಗ ಬೇರೆ ಯಾರೂ ಓದುವಂತಿಲ್ಲ. ನಿಮ್ಮ ಆರು ಎರರ್‌ಗಳಲ್ಲಿ ನಾಲ್ಕಾದರೂ ಈ ಕಟ್ಟಳೆಗೇ ಸೇರಿದವು ಎಂದು ನನ್ನ ಊಹೆ.

ಇಷ್ಟು ಮಡಿ ಏಕೆ? ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಶುರುಮಾಡಿದ ಈ ಭಾಷೆಗೆ 2009ರಲ್ಲಿ ಬೆಂಬಲ ಕೊಟ್ಟದ್ದು ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ. ಸಿ++ನಲ್ಲಿ ಬರೆದ ಬ್ರೌಸರ್‌ನಲ್ಲಿ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ಒಂದು ಸಣ್ಣ ತಪ್ಪು ಸಾಕು, ಕಳ್ಳನಿಗೆ ಬಾಗಿಲು ತೆರೆದಂತೆಯೇ. ತಮ್ಮ ಉತ್ಪನ್ನಗಳ ಭದ್ರತಾ ಲೋಪಗಳಲ್ಲಿ ಸುಮಾರು ಶೇ. 70ರಷ್ಟು ಇಂಥ ಮೆಮೊರಿ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಪೈಥಾನ್ ಇವನ್ನು ಪ್ರೋಗ್ರಾಂ ಓಡುವಾಗ ಕಾವಲು ಕಾದು ತಪ್ಪಿಸುತ್ತದೆ, ಅದಕ್ಕೆ ವೇಗವನ್ನು ಬಿಟ್ಟುಕೊಡುತ್ತದೆ. ರಸ್ಟ್ ಓಡುವ ಮೊದಲೇ ಜಗಳ ತೆಗೆಯುತ್ತದೆ.

ಕನ್ನಡಿಗರಿಗೆ ಇನ್ನೊಂದು ಪಾಠ ಇಲ್ಲಿದೆ. ‘ಕನ್ನಡ’ ಪದದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ, ರಸ್ಟ್ 15 ಎನ್ನುತ್ತದೆ; ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಪೈಥಾನ್ ಎಣಿಸಿದ್ದು ಯೂನಿಕೋಡ್ ಸಂಕೇತಗಳನ್ನು (ಒತ್ತಿನ ಕೊಂಡಿಯೂ ಅದರಲ್ಲಿ ಒಂದು), ರಸ್ಟ್ ಎಣಿಸಿದ್ದು ಬೈಟ್‌ಗಳನ್ನು, ಸಂಕೇತಕ್ಕೆ ಮೂರರಂತೆ. ಮೂರನೆಯ ಅಕ್ಷರ ಕೊಡು ಎಂದರೆ ಪೈಥಾನ್ ಆ ಒಂಟಿ ಕೊಂಡಿಯನ್ನು ಕೈಗಿಟ್ಟು ಸುಮ್ಮನಾಗುತ್ತದೆ. ರಸ್ಟ್‌ನಲ್ಲಿ ಹಾಗೆ ಕೇಳಿದರೆ ಕಂಪೈಲೇ ಆಗುವುದಿಲ್ಲ. ಬೈಟ್ ಬೇಕೋ, ಸಂಕೇತ ಬೇಕೋ ಎಂದು ನೀವೇ ಬಿಡಿಸಿ ಹೇಳಬೇಕು. ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಇದನ್ನು ಒಮ್ಮೆ ಅನುಭವಿಸಿದರೆ, ಪೈಥಾನ್‌ಗೆ ಮರಳಿದ ಮೇಲೂ ಬರೆಯುವ ರೀತಿ ಬದಲಾಗುತ್ತದೆ.

ಇನ್ನು ಕಲಿಯುವ ಬಗೆ. ವಿಡಿಯೊ ಬಿಡಿ. ಸ್ಟೀವ್ ಕ್ಲಾಬ್ನಿಕ್ ಮತ್ತು ಕ್ಯಾರಲ್ ನಿಕೋಲ್ಸ್ ಬರೆದ ‘ದ ರಸ್ಟ್ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಆನ್‌ಲೈನ್‌ನಲ್ಲಿ ಉಚಿತವಾಗಿದೆ. ಒಡೆತನದ ಅಧ್ಯಾಯವನ್ನು ನಿಧಾನವಾಗಿ, ಬೇಕಾದರೆ ಎರಡು ಸಲ ಓದಿ. ಜೊತೆಗೆ ‘ರಸ್ಟ್‌ಲಿಂಗ್ಸ್’ ಎಂಬ ಪುಟ್ಟ ಅಭ್ಯಾಸಗಳು. ಆಮೇಲೆ ನೀವೇ ಪೈಥಾನ್‌ನಲ್ಲಿ ಬರೆದ, ಒಳಹೊರಗು ಗೊತ್ತಿರುವ ನೂರು-ನೂರೈವತ್ತು ಸಾಲಿನ ಒಂದು ಸ್ಕ್ರಿಪ್ಟ್ ತೆಗೆದುಕೊಂಡು ರಸ್ಟ್‌ನಲ್ಲಿ ಮತ್ತೆ ಬರೆಯಿರಿ. ಬಿ.ಕಾಂ. ಓದಿದವರಲ್ಲವೇ, ಸಿಎಸ್‌ವಿ ಫೈಲ್ ಓದಿ ಖರ್ಚಿನ ಮೊತ್ತ ಹಾಕುವಂಥದ್ದು ಸಾಕು. ಲೆಕ್ಕ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲಿರುತ್ತದೆ. ಲಿಂಕ್ಡ್ ಲಿಸ್ಟ್‌ನಿಂದ ಮಾತ್ರ ಆರಂಭಿಸಬೇಡಿ. ಬೇರೆ ಕಡೆ ಅದು ಮೊದಲ ವಾರದ ಪಾಠ, ರಸ್ಟ್‌ನಲ್ಲಿ ಪರಿಣತರಿಗೂ ತಲೆನೋವು.

ಎರರ್ ಬಂದರೆ ಕೆಂಪು ಸಾಲನ್ನಷ್ಟೇ ನೋಡಿ ಗೂಗಲ್‌ಗೆ ಓಡಬೇಡಿ. ಒಡೆತನ ಎಲ್ಲಿ ಕೈಬದಲಾಯಿತು, ಆಮೇಲೆ ಎಲ್ಲಿ ಬಳಸಿದಿರಿ ಎಂದು ಕಂಪೈಲರ್ ಗೆರೆ ಎಳೆದು ತೋರಿಸಿರುತ್ತದೆ, ಎಷ್ಟೋ ಸಲ ಪರಿಹಾರವನ್ನೂ ಸೂಚಿಸಿರುತ್ತದೆ. ಎರಡು ಸಲ ಯತ್ನಿಸಿದರೂ ಬಗೆಹರಿಯದಿದ್ದರೆ ‘ಕ್ಲೋನ್’ ಮಾಡಿ ಮುಂದೆ ಹೋಗಿ. ಹಾಗೆ ಮಾಡಬಾರದು ಎಂದು ಮೂಗು ಮುರಿಯುವವರು ಇದ್ದಾರೆ. ಕಲಿಯುವ ಹಂತದಲ್ಲಿ ಒಂದು ಹೆಚ್ಚುವರಿ ನಕಲಿನಿಂದ ಯಾರ ಮನೆಯೂ ಮುಳುಗುವುದಿಲ್ಲ.

ಪೈಥಾನ್ ಕೆಲಸವನ್ನಂತೂ ಬಿಡಬೇಡಿ. ಪೈಥಾನ್ ಕೋಡ್ ಪರೀಕ್ಷಿಸುವ ರಫ್, ದತ್ತಾಂಶ ನಿಭಾಯಿಸುವ ಪೋಲಾರ್ಸ್ ಎರಡೂ ಒಳಗೆ ರಸ್ಟೇ. ‘ಪೈಓ3’ ಎಂಬ ಲೈಬ್ರರಿ ಬಳಸಿ ರಸ್ಟ್‌ನಲ್ಲಿ ಬರೆದ ಫಂಕ್ಷನ್ನನ್ನು ಪೈಥಾನ್‌ನಿಂದ ನೇರವಾಗಿ ಕರೆಯಬಹುದು. ಸ್ವಲ್ಪ ಕೈ ಪಳಗಿದ ಮೇಲೆ ನಿಮ್ಮ ಈಗಿನ ಪ್ರಾಜೆಕ್ಟ್‌ನಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಓಡುವ ಒಂದು ಫಂಕ್ಷನ್ ಹುಡುಕಿ, ಅದೊಂದನ್ನೇ ಹೀಗೆ ಬದಲಿಸಿ, ಮೊದಲಿನ ವೇಗ ಮತ್ತು ಈಗಿನ ವೇಗ ಎರಡನ್ನೂ ಅಳೆದು ನೋಡಿ.