ಊದುವ ಮಷಿನ್‌ಗೆ ಕಾಯುವ ಅಪ್ಪ

ಪ್ರಶ್ನೆ: ನಮ್ಮ ಅಪ್ಪಗ 61 ವರ್ಷ. ನಲವತ್ತು ವರ್ಷದಿಂದ ಬೀಡಿ ಸೇದತಾರ. ಎರಡು ತಿಂಗಳಾತು ಕೆಮ್ಮು ನಿಂತಿಲ್ಲ, ಧೋತರದ ಗಂಟು ಸಡ್ಲ ಬೀಳಾಕತ್ತೈತಿ. ಉಸಿರು ಊದಿದ್ರ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಗತೈತಿ ಅಂತ ಮೊಬೈಲ್‌ನ್ಯಾಗ ನೋಡ್ಯಾರ. 'ಆ ಮಷಿನ್ ಬರಲಿ ಊದತೀನಿ, ಈಗ ದವಾಖಾನಿ ಒಲ್ಲೆ' ಅಂತಾರ. ಅದು ಎಲ್ಲಿ ಸಿಗತೈತ್ರಿ?
– ಮಗಳು, ಸವದತ್ತಿ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ತಂದದ್ದು ಆ ಧೋತರದ ಗಂಟು. ಮೈ ಇಳಿಯುತ್ತಿದೆ ಎಂಬುದರ ಗುರುತು ಅದು.

ಅಪ್ಪ ನೋಡಿದ್ದು ಪೂರ್ತಿ ಸುಳ್ಳಲ್ಲ. ನಾವು ಬಿಡುವ ಉಸಿರಿನಲ್ಲಿ ನೂರಾರು ರಾಸಾಯನಿಕಗಳ ಆವಿ ಇರುತ್ತದೆ. 1971ರಲ್ಲೇ ವಿಜ್ಞಾನಿ ಲೈನಸ್ ಪೌಲಿಂಗ್ ಸುಮಾರು 250 ಎಣಿಸಿದ್ದರು. ಕ್ಯಾನ್ಸರ್ ಗಡ್ಡೆ ಬೆಳೆದರೆ ಇವುಗಳಲ್ಲಿ ಕೆಲವು ಏರುಪೇರಾಗುತ್ತವೆ. ಅಂಥ 22 ಆವಿಗಳನ್ನು ಹಿಡಿದು ರೋಗಿಗಳನ್ನು ಗುರುತಿಸಬಹುದೆಂದು ಮೈಕೇಲ್ ಫಿಲಿಪ್ಸ್ ತಂಡ 1999ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಆದರೂ ಊದುವ ಪರೀಕ್ಷೆ ಇನ್ನೂ ದವಾಖಾನೆಯ ದಿನನಿತ್ಯದ ತಪಾಸಣೆಯಾಗಿಲ್ಲ. ಮುಂಜಾನೆಯ ಬೆಳ್ಳುಳ್ಳಿ ಚಟ್ನಿ, ಆಗಷ್ಟೇ ಸೇದಿದ ಬೀಡಿ, ಒಲೆಯ ಹೊಗೆ, ಸಕ್ಕರೆ ಕಾಯಿಲೆ ಎಲ್ಲವೂ ಅದೇ ಉಸಿರಿನಲ್ಲಿ ಬೆರೆತಿರುತ್ತವೆ. ಪೊಲೀಸರು ಬಾಯಿಗೆ ಹಿಡಿಯುವ ಯಂತ್ರಕ್ಕೆ ಹುಡುಕಬೇಕಾದ್ದು ಸಾರಾಯಿ ಒಂದೇ. ಕ್ಯಾನ್ಸರ್ ಹುಡುಕುವ ಯಂತ್ರದ ಕೆಲಸ ಅಷ್ಟು ಸಲೀಸಲ್ಲ.

ಹಾಗಾಗಿ ಆ ಮಷಿನ್‌ಗೆ ಕಾಯಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಟಿ.ಬಿ. ಇದೆಯೇ ಎಂದು ನೋಡುವ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಊದತೀನಿ ಅನ್ನುವವರು ಉಗುಳಲು ಒಲ್ಲೆ ಅನ್ನಲಾರರು, ಅಲ್ಲಿಂದಲೇ ಒಪ್ಪಿಸಿ. ಮುಂಜಾನೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನು ಡಬ್ಬಿಗೆ ಹಾಕಬೇಕು. ಬರೀ ಎಂಜಲು ನಡೆಯದು. ಅದೇ ದಿನ ಎದೆಯ ಎಕ್ಸ್‌ರೇ ಆಗಲಿ.

ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಕ್ಸ್‌ರೇಯಲ್ಲಿ ಕಲೆ ಕಂಡಿತೆಂದು ಟಿ.ಬಿ. ಗುಳಿಗೆ ನುಂಗುತ್ತ ತಿಂಗಳುಗಟ್ಟಲೆ ಕಳೆದು, ಆಮೇಲೆ ಅದು ಕ್ಯಾನ್ಸರ್ ಎಂದು ತಿಳಿದವರು ನಮ್ಮಲ್ಲಿದ್ದಾರೆ. ಕಫದಲ್ಲಿ ಟಿ.ಬಿ. ಸಿಗದೆ ಕೆಮ್ಮೂ ನಿಲ್ಲದಿದ್ದರೆ, ಎಕ್ಸ್‌ರೇ ಸರಿಯಿದೆ ಎಂದರೂ, ಸಿ.ಟಿ. ಸ್ಕ್ಯಾನ್ ಮಾಡಿಸಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಅದಕ್ಕೆ ಬೆಳಗಾವಿಗೆ ಹೋಗಿ, ಇಲ್ಲವೇ ಧಾರವಾಡದ ಮೇಲೆ ಹಾಯ್ದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಗಡ್ಡೆ ಕಂಡರೆ ಅದರ ಚೂರು ತೆಗೆದು ಪರೀಕ್ಷಿಸಿದ ಮೇಲೆಯೇ ಖಾತ್ರಿಯ ಮಾತು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಚಿಕಿತ್ಸೆಯ ಖರ್ಚಿಗೆ ಬಿಪಿಎಲ್ ಮನೆಗಳಿಗೆ ಆರೋಗ್ಯ ಕರ್ನಾಟಕ ಯೋಜನೆಯಿದೆ.

ನಡುವೆ ಕಫದಲ್ಲಿ ರಕ್ತ ಕಂಡರೆ ಅಮಾವಾಸ್ಯೆ, ಸಂತೆ ಎಂದು ಕಾಯಬೇಡಿ. ಅಂದೇ ಹೊರಡಿ.