ಗ್ರಾಫಿಕ್ಸ್ ಕಾರ್ಡೂ ಗೃಹಜ್ಯೋತಿಯೂ

ಕಾರ್ಡಿಗೆ ಕೊಟ್ಟದ್ದು 46,500 ರೂಪಾಯಿ. ಕಂಪ್ಯೂಟರಿನ ಒಟ್ಟು ಬಿಲ್ಲು 1,31,800. ಅದರಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿ ಈ ಒಂದೇ ಸಾಮಾನಿಗೆ ಹೋಯಿತು. ಹೋಗಲಿ, ಒಂದು ಸಲದ ಖರ್ಚು ತಾನೇ ಎಂದು ಸುಮ್ಮನಾದೆ. ಮರುತಿಂಗಳು ಮೀಟರ್ ನೋಡುವವರು ಕೊಟ್ಟುಹೋದ ಚೀಟಿಯಲ್ಲಿ, ಎರಡು ವರ್ಷದಿಂದ ಸೊನ್ನೆ ಇರುತ್ತಿದ್ದ ಜಾಗದಲ್ಲಿ, 1,791 ರೂಪಾಯಿ ಇತ್ತು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಷ್ಟು ದುಡ್ಡು ಕೊಟ್ಟು ಆ ಕಾರ್ಡನ್ನೇ ಯಾಕೆ ತಂದೆವು ಅನ್ನುವುದು.

ಇದು ಇಬ್ಬರಿಗಾಗಿ ಜೋಡಿಸಿದ ಕಂಪ್ಯೂಟರು. ಹಗಲು ನನ್ನದು, ಸಂಜೆ ಮೇಲೆ ಮಗನದು. ನನ್ನ ಕೆಲಸ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು ರಿಟರ್ನ್ ಹಾಕುವುದು. ಟ್ಯಾಲಿ, ಒಂದೆರಡು ಎಕ್ಸೆಲ್ ಶೀಟು, ಜಿಎಸ್‌ಟಿ ಪೋರ್ಟಲ್ಲು, ನಡುನಡುವೆ ವಿಡಿಯೊ ಕಾಲ್. ಇದಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಅವನಿಗೆ ಬೇಕಾದದ್ದು ಕಾರ್ಡೊಂದೇ, ಮಿಕ್ಕಿದ್ದೆಲ್ಲ ಅದನ್ನು ಸಿಕ್ಕಿಸಲು ಬೇಕಾದ ಜಾಗ. ತನ್ನ ಖಾತೆಯಲ್ಲಿದ್ದ 15,000 ತೆಗೆದುಕೊಟ್ಟ, ಹಾಗಾಗಿ ಅವನಿಗೂ ಒಂದು ಓಟು ಸಿಕ್ಕಿತು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವರು ನನಗೆ 'ಕೂತ್ಕೊಳಿ ಮೇಡಂ' ಅಂತ ಸ್ಟೂಲು ತೋರಿಸಿ, ಮಾತೆಲ್ಲ ಮಗನ ಜೊತೆ ಆಡಿದರು. ಪ್ಯಾಡಿನ ಮೇಲೆ ಒಂದರ ಕೆಳಗೊಂದು ಬರೆದುಕೊಂಡು ಹೋದರು: ಪ್ರೊಸೆಸರ್ ಇಂಥದ್ದು, ಬೋರ್ಡು ಇಂಥದ್ದು, ಎಸ್‌ಎಸ್‌ಡಿ ಇಂಥದ್ದು, ಎಲ್ಲಕ್ಕೂ ಕಂಪನಿ ಹೆಸರು, ಮಾಡೆಲ್ ನಂಬರು. ಕೊನೆಯ ಸಾಲಿನಲ್ಲಿ ಮಾತ್ರ ಬರೀ 'ಎಸ್‌ಎಂಪಿಎಸ್', ಎದುರಿಗೆ 2,200. ಯಾವ ಕಂಪನಿ ಅಂದೆ. 'ಒಳ್ಳೇದೇ ಹಾಕ್ತೀವಿ ಬಿಡಿ ಮೇಡಂ' ಅಂದರು. ಲೆಕ್ಕ ಬರೆಯುವವಳಿಗೆ ಹೆಸರಿಲ್ಲದ ಸಾಲು ಕಂಡರೆ ಆಗುವುದಿಲ್ಲ. 46,500ರ ಕಾರ್ಡಿಗೆ ಕರೆಂಟು ಕೊಡುವ ಡಬ್ಬಿಗೆ ಹೆಸರೇ ಇಲ್ಲ! ಆ ಸಾಲು ಹೊಡೆಸಿ 650 ವಾಟಿನ, ಗೋಲ್ಡ್ ಸರ್ಟಿಫಿಕೇಟ್ ಇರುವ, ದೀರ್ಘ ವಾರಂಟಿಯ ಎಸ್‌ಎಂಪಿಎಸ್ ಬರೆಸಿದೆ. 7,300 ಆಯಿತು. ಕೆಟ್ಟ ಎಸ್‌ಎಂಪಿಎಸ್ ಸಾಯುವಾಗ ಒಂಟಿಯಾಗಿ ಸಾಯುವುದು ಅಪರೂಪ.

ಕಾರ್ಡಿಗೆ ಮೂವರು ಅಭ್ಯರ್ಥಿಗಳಿದ್ದರು. ಆರ್‌ಟಿಎಕ್ಸ್ 5060, ಎಂಟು ಜಿಬಿ, 30,000ದ ಆಸುಪಾಸು. 5060 ಟಿಐ, ಹದಿನಾರು ಜಿಬಿ, ನಾವು ತಂದದ್ದು. ಮಗನ ಕಣ್ಣಿದ್ದದ್ದು 5070ರ ಮೇಲೆ. ಹನ್ನೆರಡು ಜಿಬಿ, 58,000. ನಾನು ಮೊದಲನೆಯದರ ಪರ ಇದ್ದೆ, ಕಾರಣ ಹೇಳಬೇಕಿಲ್ಲ. ಆದರೆ ನನ್ನ ಕಣ್ಣಿನ ಸಲುವಾಗಿ ನಾನೇ ಆರಿಸಿದ ಮಾನಿಟರ್ 27 ಇಂಚಿನದು, 1440ಪಿ. ಅಷ್ಟು ಚುಕ್ಕಿ ತುಂಬಿಸಲು ಹೊಸ ಆಟಗಳಿಗೆ ಎಂಟು ಜಿಬಿ ಈಗಲೇ ಸಾಲುತ್ತಿಲ್ಲ, ಸೆಟಿಂಗ್ ಇಳಿಸಬೇಕು. 'ಮಾನಿಟರ್ ನೀನು ದೊಡ್ಡದು ತಗೊಂಡ್ರೆ ಕಾರ್ಡು ನಾನು ಸಣ್ಣದು ತಗೋಬೇಕೇನಮ್ಮ?' ಅಂದ. ಉತ್ತರ ಇರಲಿಲ್ಲ. 5070 ವೇಗದಲ್ಲಿ ಮುಂದೆ, ನಿಜ. ಆದರೆ 11,500 ಹೆಚ್ಚು ಕೊಟ್ಟು ನಾಲ್ಕು ಜಿಬಿ ಕಡಿಮೆ ತರುವುದು ಐದು ವರ್ಷ ಇಟ್ಟುಕೊಳ್ಳುವವರ ಲೆಕ್ಕವಲ್ಲ. ಎರಡು ವರ್ಷಕ್ಕೊಮ್ಮೆ ಮಾರಿ ಹೊಸದು ತರುವವರು ಬೇಕಾದರೆ ತರಲಿ.

ಒಂದು ಎಚ್ಚರಿಕೆ. 5060 ಟಿಐ ಅನ್ನುವ ಹೆಸರಿನಲ್ಲೇ ಎಂಟು ಜಿಬಿಯದೂ ಇದೆ, ಹದಿನಾರರದೂ ಇದೆ. ಡಬ್ಬಿ ನೋಡಲು ಒಂದೇ ಥರ. ಬೆಲೆ ತೀರಾ ಕಡಿಮೆ ಕಂಡರೆ ಯಾವುದು ಅಂತ ಕೇಳಿ.

ಪ್ರೊಸೆಸರಿನಲ್ಲಿ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ರೈಜನ್ 5 7600 ಬದಲು 7500ಎಫ್ ಹಾಕಿದರೆ ಆಟಕ್ಕೆ ಹೆಚ್ಚೇನೂ ವ್ಯತ್ಯಾಸವಿಲ್ಲ, ಎರಡು ಮೂರು ಸಾವಿರ ಉಳಿಯುತ್ತದೆ ಅಂತ ಅಂಗಡಿಯವರೂ ಮಗನೂ ಒಟ್ಟಿಗೆ ಹೇಳಿದರು. ಅವರು ಹೇಳದೆ ಬಿಟ್ಟದ್ದು: 'ಎಫ್' ಇರುವ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡು ಕೆಟ್ಟು ವಾರಂಟಿಗೆ ಹೋದರೆ ಅದು ವಾಪಸ್ ಬರುವವರೆಗೆ ಮಾನಿಟರಿನಲ್ಲಿ ಏನೂ ಕಾಣುವುದಿಲ್ಲ. ವಾರಗಟ್ಟಲೆ ಆಗಬಹುದು, ಅದರ ನಡುವೆ 20ನೇ ತಾರೀಕು ಬಂದರೆ? ಜಿಎಸ್‌ಟಿ ರಿಟರ್ನ್ 3ಬಿ ಹಾಕಲು ನನ್ನ ಗಿರಾಕಿಗಳು ಕಾರ್ಡು ರಿಪೇರಿ ಆಗಿ ಬರಲಿ ಅಂತ ಕಾಯುವುದಿಲ್ಲ. 7600ರಲ್ಲಿ ಬೋರ್ಡಿನ ಹಿಂದಿನ ಪೋರ್ಟಿಗೆ ಕೇಬಲ್ ಚುಚ್ಚಿದರೆ ಎಕ್ಸೆಲ್ ಆರಾಮಾಗಿ ಓಡುತ್ತದೆ. ಎರಡೂವರೆ ಸಾವಿರದ ಇನ್ಶೂರೆನ್ಸು, ಪ್ರೀಮಿಯಂ ಒಂದೇ ಸಲ.

ಬೋರ್ಡು, ಕ್ಯಾಬಿನೆಟ್ಟು, ಒಂದು ಟಿಬಿ ಎಸ್‌ಎಸ್‌ಡಿ, ಯುಪಿಎಸ್ ಬಗ್ಗೆ ಹೇಳುವಂಥದ್ದೇನಿಲ್ಲ. ಕ್ಯಾಬಿನೆಟ್ಟಿನಲ್ಲಿ ಬಣ್ಣದ ದೀಪ ಬೇಕೆಂದರೆ ಹೆಚ್ಚು ಕೊಡಬೇಕಿತ್ತು, ಕೊಡಲಿಲ್ಲ. ಬಿಲ್ಲು ಎರಡು ಮಾಡಿಸಿದೆ. ಕಾರ್ಡಿನದು ಮಗನ ಹೆಸರಿಗೆ, ಉಳಿದದ್ದು ನನ್ನ ಜಿಎಸ್‌ಟಿ ನಂಬರಿಗೆ. ಆಟದ ಸಾಮಾನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆಯುವ ಬುದ್ಧಿವಂತರ ಕಡತಗಳನ್ನು ನೋಟಿಸು ಬಂದ ಮೇಲೆ ನೋಡುವವಳು ನಾನೇ.

ಈಗ 1,791ಕ್ಕೆ ಬರೋಣ.

ಗೃಹಜ್ಯೋತಿಯ ನಿಯಮ ಗೊತ್ತೇ ಇದೆ. 2022-23ರ ಸರಾಸರಿಗೆ ಶೇ 10 ಸೇರಿಸಿದರೆ ಬರುವಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೂ 200ರೊಳಗಿದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ನಮ್ಮ ಸರಾಸರಿ 150, ಅರ್ಹತೆ 165, ಬಳಕೆ 164ರ ಹತ್ತಿರ. ಹಾಗಾಗಿ ಸೊನ್ನೆ.

ಸ್ವಿಚ್‌ಬೋರ್ಡಿಗೆ ಸಿಕ್ಕಿಸುವ ವಾಟ್ ಮೀಟರ್ ಒಂದನ್ನು ತರಿಸಿ ಅಳೆದೆ. ನಾನು ಕೆಲಸ ಮಾಡುವಾಗ ಮಾನಿಟರ್ ಸೇರಿ 90 ವಾಟ್. ಒಂಬತ್ತು ಗಂಟೆಗೆ 810 ವಾಟ್-ಗಂಟೆ. ತಿಂಗಳಿಗೆ 24 ಕೆಲಸದ ದಿನ ಹಿಡಿದರೆ 19.4 ಯೂನಿಟ್. ಮಗ ಆಡುವಾಗ 330 ವಾಟ್. ವಾರದ ದಿನ ಒಂದೂವರೆ ಗಂಟೆ, ಶನಿವಾರ ಭಾನುವಾರ ನಾಲ್ಕು ಗಂಟೆ ಅಂದರೆ ತಿಂಗಳಿಗೆ 65 ಗಂಟೆ, 21.5 ಯೂನಿಟ್. ಎರಡೂ ಸೇರಿ ಸುಮಾರು 41. ಇದರಿಂದ ನನ್ನ ಹಳೆಯ ಲ್ಯಾಪ್‌ಟಾಪು ತಿನ್ನುತ್ತಿದ್ದ ಏಳೂವರೆ ಯೂನಿಟ್ ಕಳೆಯಬೇಕು, ಅದೀಗ ಕಪಾಟು ಸೇರಿದೆ. ಉಳಿದದ್ದು 33. 164ಕ್ಕೆ 33 ಸೇರಿದರೆ 197. ದಾಟಬಾರದಿತ್ತು. ಮೀಟರ್ ತೋರಿಸಿದ್ದು 203.

ಎಲ್ಲಿ ಹೋಯಿತು ಉಳಿದದ್ದು? ಒಂದು ವಾರ ಪತ್ತೆಯಾಗಲಿಲ್ಲ. ಬೆಳಗ್ಗೆ ಆರಕ್ಕೆ ಎದ್ದಾಗ ಕ್ಯಾಬಿನೆಟ್ ಬೆಚ್ಚಗಿದ್ದದ್ದು ಗಮನಕ್ಕೆ ಬಂದ ಮೇಲೆ ಗೊತ್ತಾಯಿತು: ಮಗ ರಾತ್ರಿ ಡೌನ್‌ಲೋಡಿಗೆ ಹಾಕಿ ಮಲಗುತ್ತಿದ್ದ. ಇವತ್ತಿನ ಆಟಗಳು ಅಂಥಿಂಥ ಗಾತ್ರದವಲ್ಲ. 'ರೆಡ್ ಡೆಡ್ ರಿಡೆಂಪ್ಷನ್ 2' ಒಂದಕ್ಕೇ 150 ಜಿಬಿ ಜಾಗ ಬೇಕು. 50 ಎಂಬಿಪಿಎಸ್ ಲೈನಿನಲ್ಲಿ ಅಷ್ಟು ಇಳಿಯಲು ಆರೂವರೆ ಗಂಟೆಗೂ ಹೆಚ್ಚು ಬೇಕು. ಸಣ್ಣ ಅಪ್‌ಡೇಟ್ ಆದರೆ ಒಂದು ಗಂಟೆಗೆ ಮುಗಿಯುತ್ತದೆ, ಕಂಪ್ಯೂಟರ್ ಮಾತ್ರ ಬೆಳಗಿನವರೆಗೆ ಸುಮ್ಮನೆ ಕೂತಿರುತ್ತದೆ. ಸುಮ್ಮನೆ ಕೂತರೂ 60 ವಾಟ್. ಒಂಬತ್ತು ಗಂಟೆ, ತಿಂಗಳಲ್ಲಿ ಹತ್ತು ರಾತ್ರಿ: 5.4 ಯೂನಿಟ್. ಅಲ್ಲಿಗೆ ಲೆಕ್ಕ ಕೂಡಿತು.

ಇದರ ಬೆಲೆ ಎಷ್ಟು? 203 ಯೂನಿಟ್ಟಿಗೆ ನಿಗದಿತ ಶುಲ್ಕ, ತೆರಿಗೆ, ಸರ್‌ಚಾರ್ಜು ಎಲ್ಲ ಸೇರಿ 1,791. ಅದೇ 197ಕ್ಕೆ ನಿಂತಿದ್ದರೆ ಮೀರಿದ 32 ಯೂನಿಟ್ಟಿಗೆ ಹೆಚ್ಚೆಂದರೆ 220. ವ್ಯತ್ಯಾಸ ತಿಂಗಳಿಗೆ 1,570. ವರ್ಷಕ್ಕೆ 19,000ಕ್ಕೆ ಸ್ವಲ್ಪ ಕಡಿಮೆ. ಸಣ್ಣ ಕಾರ್ಡಿಗೂ ನಾವು ತಂದ ಕಾರ್ಡಿಗೂ ಇದ್ದ ಅಂತರವೇ 16,500! ಅಂಗಡಿಯಲ್ಲಿ ನಿಂತು ಅರ್ಧ ದಿನ ಜಗಳವಾಡಿದ್ದಕ್ಕಿಂತ ದೊಡ್ಡ ಮೊತ್ತ ರಾತ್ರಿ ನಾವು ಮಲಗಿರುವಾಗ ಹೋಗುತ್ತಿತ್ತು.

ಹಾಗಾದರೆ ಸಣ್ಣ ಕಾರ್ಡೇ ತಂದಿದ್ದರೆ? ಅದನ್ನೂ ನೋಡಿದೆ. 5060ಕ್ಕೆ 145 ವಾಟ್, ಟಿಐಗೆ 180. 35 ವಾಟಿನ ವ್ಯತ್ಯಾಸ, 65 ಗಂಟೆಗೆ ಎರಡು ಯೂನಿಟ್ ಚಿಲ್ಲರೆ. 200ರ ಗೆರೆಯ ಮೇಲೆ ತೂಗಾಡುತ್ತಿದ್ದೆವು ಅಷ್ಟೆ, ಒಂದು ಮದುವೆ ಮನೆ ನೆಂಟರು ಬಂದು ಗೀಸರ್ ಹಾಕಿದರೆ ಮುಗಿಯಿತು. ಕಾರ್ಡಿನ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಸ್ಲೀಪ್‌ಗೆ ಹಾಕದೆ ಏಳುವ ಕೈಯ ಮೇಲೆ.

ಈ ಪೀಳಿಗೆಗೆ ಏನನ್ನೂ ಆರಿಸಿ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ರೂಮಿನಿಂದ ಹೊರಗೆ ಬರುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು. ಹೋಗದಿದ್ದರೆ ಅಪ್ಪ ಕೂಗುತ್ತಿದ್ದರು. ಈಗ ರೂಟರ್, ಟೀವಿ, ಚಾರ್ಜರ್ ಎಲ್ಲ ಇಪ್ಪತ್ನಾಲ್ಕು ಗಂಟೆ ಆನ್. ಫೋನಿನಲ್ಲಿ ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿತು ಅಂತ ದಿನಾ ನೋಡುವ ಹುಡುಗರಿಗೆ ಮನೆಯ ಮೀಟರ್ ಯಾವ ಗೋಡೆಯ ಮೇಲಿದೆ ಅಂತ ಗೊತ್ತಿರುವುದಿಲ್ಲ. ಮಗನಿಗೆ ತೋರಿಸಿದೆ. ರೀಡಿಂಗ್ ಬರೆದಿಡುವ ಕೆಲಸ ಈಗ ಅವನದು, ಡೌನ್‌ಲೋಡು ನಾನು ಕೆಲಸ ಮಾಡುವ ಹೊತ್ತಿಗೆ. ಬ್ಯಾಂಕಿನ ಸೈಟು ತುಸು ನಿಧಾನವಾಗುತ್ತದೆ, ಆಗಲಿ. ಮುಂದಿನ ಬಿಲ್ಲು 196 ಯೂನಿಟ್ಟಿಗೆ ಬಂತು.

ಇನ್ನು ನೋ ಕಾಸ್ಟ್ ಇಎಂಐ. ಈ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಇದೇ ಕಾರ್ಡು ಆಗ ಆನ್‌ಲೈನಿನಲ್ಲಿ 47,999, ಒಂಬತ್ತು ತಿಂಗಳ ಕಂತು, ಬಡ್ಡಿ ಇಲ್ಲ ಅಂತ ದೊಡ್ಡಕ್ಷರ. ಬಡ್ಡಿ ಇಲ್ಲದೆ ಬ್ಯಾಂಕು ಸಾಲ ಕೊಡುತ್ತದೆಯೇ? ಶೂನ್ಯ ಬಡ್ಡಿ ಅನ್ನುವ ಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿತು. ಅದಕ್ಕೇ ಹೆಸರು ಬದಲಾಯಿತು, ವ್ಯಾಪಾರ ಹಾಗೇ ಉಳಿಯಿತು. ಶೇ 16ರ ಬಡ್ಡಿ ಸುಮಾರು 3,000. ಅಷ್ಟನ್ನು 'ರಿಯಾಯಿತಿ' ಅಂತ ಮೊದಲೇ ಕಳೆದು ತೋರಿಸುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, 540 ರೂಪಾಯಿ, ನಿಮ್ಮ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ತಿಂಗಳಿಗಿಷ್ಟು ಅಂತ ಕೂತಿರುತ್ತದೆ. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ. ಎಸ್.ಪಿ. ರೋಡಿನಲ್ಲಿ ಯುಪಿಐ ಮಾಡಿದ್ದಕ್ಕೆ ಕಡಿಮೆಯಾದ 1,500 ಬೇರೆ. ಖರ್ಚಿಲ್ಲದ ಕಂತಿನ ಖರ್ಚು 2,270 ಮೀರುತ್ತದೆ. ಕೈಯಲ್ಲಿ ದುಡ್ಡಿದ್ದವರಿಗೆ ಇದು ಬೇಡ. ದುಡ್ಡಿಲ್ಲದವರಿಗೆ 46,500ರ ಕಾರ್ಡೇ ಬೇಡ.

ರ‍್ಯಾಮಿನ ವಿಷಯ ಹೇಳದಿದ್ದರೆ ಈಗ ಕೊಳ್ಳುವವರಿಗೆ ಇಷ್ಟೆಲ್ಲ ಓದಿ ಉಪಯೋಗವಿಲ್ಲ. 2025ರ ನಡುವೆ ನಾವು 32 ಜಿಬಿ ಡಿಡಿಆರ್5 ಜೋಡಿಗೆ 9,400 ಕೊಟ್ಟೆವು. ವರ್ಷದ ಕೊನೆಗೆ ಅದೇ ಅಂಗಡಿಯಲ್ಲಿ ಗಿರಾಕಿಯೊಬ್ಬರ ಸಲುವಾಗಿ ಕೇಳಿದರೆ ದುಪ್ಪಟ್ಟಿಗೂ ಮೇಲೆ ಹೇಳಿದರು. ಮೆಮೊರಿ ತಯಾರಿಸುವವರೆಲ್ಲ ಎಐ ಡೇಟಾ ಸೆಂಟರುಗಳ ಕಡೆ ತಿರುಗಿದ್ದಾರೆ. ಮೈಕ್ರಾನ್ ಅಂತೂ ಆ ಡಿಸೆಂಬರಿನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ನಾವು ಬಚಾವಾದದ್ದು ಜಾಣತನದಿಂದ ಅಲ್ಲ, ಕಾಲೇಜಿನ ರಜೆ ಆಗ ಇತ್ತು ಅಷ್ಟೆ.

ಕಾಯಲು ಆಗುವವರು ಕಾಯಿರಿ. ಆಗದವರು ನಾಲ್ಕು ಸ್ಲಾಟಿನ ಬೋರ್ಡು ತಂದು 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿ. ಆಟದಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಆಫೀಸಿನ ಕೆಲಸಕ್ಕೆ ಏನೂ ಆಗುವುದಿಲ್ಲ. ಬೆಲೆ ಇಳಿದಾಗ ಅಂಥದ್ದೇ ಇನ್ನೊಂದು ಸೇರಿಸಬಹುದು. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ರ‍್ಯಾಮನ್ನಂತೂ ತರಲೇಬೇಡಿ, ಮತ್ತು ಪ್ರತಿ ಸಾಮಾನಿನ ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಅಂಗಡಿಯಿಂದ ಇಳಿಯಬೇಡಿ.