ಇತಿಹಾಸ, ಮನಶ್ಶಾಸ್ತ್ರ: ಎಲ್ಲಿಂದ ಓದೋಕೆ ಶುರು ಮಾಡೋದು?

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಮ್‌ನವರು. ದಪ್ಪ ಕನ್ನಡ ಪುಸ್ತಕ ಹಿಡಿದರೆ ಹತ್ತು ಪುಟಕ್ಕೇ ಸುಸ್ತು. ಅದಕ್ಕೇ ಹತ್ತಿರದಿಂದ ಶುರು ಮಾಡೋಣ.

ಇತಿಹಾಸ: ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ 9ನೇ ಸಂಪುಟ (1905) ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ನಮ್ಮ ಹಾರೋಹಳ್ಳಿ ಕಡೆಯೂ ಆಗ ಅದೇ ಜಿಲ್ಲೆ. ‘ಕನಕಪುರ’ ಅಂತ ಹುಡುಕಬೇಡಿ, ಆಗಿನ ಹೆಸರು ಕಾನಕಾನಹಳ್ಳಿ. ಕನ್ನಡ ಪಾಠದ ಜೊತೆ ಇಂಗ್ಲಿಷ್ ಅನುವಾದವೂ ಇದೆ. ಓದುವಾಗ ಒಂದೇ ಪ್ರಶ್ನೆ ಕೇಳಿ: ಇದನ್ನು ಕಲ್ಲಲ್ಲೇ ಯಾಕೆ ಕೆತ್ತಿಸಿದರು? ಆಮೇಲೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಹಿಡಿಯಿರಿ. ಶಾಸನದಿಂದ ಜನಜೀವನವನ್ನು ಹೇಗೆ ತಿಳಿಯಬಹುದು ಅಂತ ಗೊತ್ತಾಗುತ್ತೆ.

ಮನಶ್ಶಾಸ್ತ್ರ: ಮೊದಲು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಪುಸ್ತಕಗಳು. ನಂತರ ಡಾ. ಎಂ. ಶಿವರಾಂ ಅವರ ‘ಮನಮಂಥನ’. ‘ಕೊರವಂಜಿ’ ಹಾಸ್ಯಪತ್ರಿಕೆಯ ‘ರಾಶಿ’ ಇವರೇ! ಈ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಒಂದು ಎಚ್ಚರಿಕೆ. ಕಳೆದ ಸೆಮ್‌ನಲ್ಲಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಗೆಳೆಯನಿಗೆ ಅರ್ಧಂಬರ್ಧ ಓದಿದ ನಾವು ರೋಗದ ಹೆಸರು ಅಂಟಿಸಿದೆವು. ಅವನು ನಮ್ಮ ಜೊತೆ ಮಾತೇ ಬಿಟ್ಟ. ಓದಬೇಕಾಗಿದ್ದು ಅವನ ಮಾತನ್ನು ಕೇಳಿಸಿಕೊಳ್ಳೋಕೆ, ಹೆಸರಿಡೋಕಲ್ಲ. ಮನಸ್ಸು ನಿಜವಾಗಿ ಕುಗ್ಗಿದ್ದರೆ ಪುಸ್ತಕ ಸಾಲದು. ಡಾಕ್ಟರ್ ಬೇಕು, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಈ ತಿಂಗಳ ಕೆಲಸ: ನಿಮ್ಮೂರ ಕಡೆಯ ಒಂದು ಶಾಸನ ಓದಿ, ಅರ್ಥವಾಗದ ಪದಗಳನ್ನು ಬರೆದು ತನ್ನಿ. ಕೂತು ಬಿಡಿಸೋಣ.